ಬೇಸ್ ಮಾಡೆಲ್‌ನಿಂದ ಟಾಪ್ ಎಂಡ್‌ವರೆಗೆ: ಒಂದೇ ಕಾರು, ಹಲವು ಬೆಲೆ

2021ರಲ್ಲಿ ಮಹೀಂದ್ರಾ ಎಕ್ಸ್‌ಯುವಿ700 ಬಂತು. ಅದರ ಆಗಿನ ಬ್ರೋಷರ್ ಬಿಡಿಸಿದರೆ ಎಂಎಕ್ಸ್, ಎಎಕ್ಸ್3, ಎಎಕ್ಸ್5, ಎಎಕ್ಸ್7, ಅದರ ಮೇಲೊಂದು ಲಕ್ಷುರಿ ಪ್ಯಾಕ್. ಬಾಡಿ ಒಂದೇ, ಆದರೆ ಕೆಳಗಿನ ವೇರಿಯಂಟ್‌ಗೂ ಮೇಲಿನದಕ್ಕೂ ಬೆಲೆಯಲ್ಲಿ ಲಕ್ಷಗಟ್ಟಲೆ ಅಂತರ. ಒಂದೇ ಕಾರನ್ನು ಹೀಗೆ ಮೆಟ್ಟಿಲು ಮಾಡಿ ಮಾರುವ ಪದ್ಧತಿ ಶುರುವಾಗಿದ್ದು ಹೇಗೆ? ಯಾವ ಮೆಟ್ಟಿಲಿನಲ್ಲಿ ಏನು ಇರಬೇಕು ಎಂದು ತೀರ್ಮಾನಿಸುವವರು ಯಾರು?

ನೂರು ವರ್ಷ ಹಿಂದೆ ಹೋಗೋಣ, ಅಮೆರಿಕಕ್ಕೆ. ಹೆನ್ರಿ ಫೋರ್ಡ್ 1908ರಲ್ಲಿ ಮಾಡೆಲ್ ಟಿ ತಂದರು. 1914ರಿಂದ 1925ರವರೆಗೆ ಅದು ಸಿಗುತ್ತಿದ್ದುದು ಕಪ್ಪು ಬಣ್ಣದಲ್ಲಿ ಮಾತ್ರ. ಆಯ್ಕೆ ಕಡಿಮೆಯಾದಷ್ಟೂ ಬೆಲೆ ಕಡಿಮೆ ಎನ್ನುವುದು ಫೋರ್ಡ್ ಲೆಕ್ಕ. ಜನರಲ್ ಮೋಟಾರ್ಸ್‌ನ ಆಲ್ಫ್ರೆಡ್ ಸ್ಲೋನ್ ಇದನ್ನು ತಿರುಗಿಸಿ ಹಾಕಿದರು. ಒಬ್ಬೊಬ್ಬರ ಜೇಬಿಗೂ ತಕ್ಕ ಕಾರು ಬೇಕು ಎಂದು ಅವರು ಕೆಳಗೆ ಷೆವರ್ಲೆ, ಮೇಲೆ ಕ್ಯಾಡಿಲಾಕ್, ನಡುವೆ ಉಳಿದ ಬ್ರಾಂಡ್‌ಗಳನ್ನು ಜೋಡಿಸಿದರು. ಸಂಬಳ ಏರಿದಂತೆ ಗ್ರಾಹಕರೂ ಮೇಲೇರಬೇಕು. ಜನ ಹೀಗೆ ಆಯ್ಕೆಯ ಕಡೆ ವಾಲಿದರು. 1927ರಲ್ಲಿ ಮಾಡೆಲ್ ಟಿ ತಯಾರಿಕೆ ನಿಂತಿತು.

ಐವತ್ತರ ದಶಕದ ಹೊತ್ತಿಗೆ ಈ ಮೆಟ್ಟಿಲುಗಳು ಒಂದೇ ಬ್ರಾಂಡಿನ ಒಳಗೂ ಬಂದವು. 1953ರ ಷೆವರ್ಲೆಯಲ್ಲಿ ಮೂರು ಹಂತ: 150, 210, ಬೆಲ್ ಏರ್. ಮೂಲ ಬಾಡಿ ಒಂದೇ. ಮೇಲಕ್ಕೆ ಹೋದಂತೆ ಕ್ರೋಮ್ ಹೊಳಪು ಹೆಚ್ಚು, ಸೀಟಿನ ಬಟ್ಟೆ ಚೆಂದ. ಇದರ ಜೊತೆಗೆ ಬೆಳೆದದ್ದು ಆಪ್ಷನ್ ಪಟ್ಟಿ. ಪ್ಯಾಕಾರ್ಡ್ ಕಂಪನಿ ತನ್ನ 1940ರ ಮಾಡೆಲ್‌ಗೆ ಎಸಿಯನ್ನು ಆಪ್ಷನ್ ಆಗಿ ಕೊಟ್ಟಿತ್ತು. ಆ ಯಂತ್ರ ಡಿಕ್ಕಿಯೊಳಗೆ ಕೂರುತ್ತಿತ್ತು, ಬೆಲೆ ಬೇರೆ ದುಬಾರಿ, ಹೆಚ್ಚು ಮಾರಾಟವಾಗಲಿಲ್ಲ. 1964ರ ಫೋರ್ಡ್ ಮಸ್ಟಾಂಗ್ ಗೆದ್ದದ್ದೇ ಆಪ್ಷನ್‌ಗಳಿಂದ. ಆರಂಭದ ಬೆಲೆ ಸುಮಾರು 2,368 ಡಾಲರ್. ಜಾಹೀರಾತಿನ ಆ ಬೆಲೆ ನೋಡಿ ಶೋರೂಮ್‌ಗೆ ಬಂದವರು ಎಂಜಿನ್, ಗೇರ್‌ಬಾಕ್ಸ್, ರೇಡಿಯೊ ಎಂದು ಸೇರಿಸುತ್ತಾ ಹೋದರು. ಕಂಪನಿಯ ಲಾಭ ಇದ್ದದ್ದು ಹೀಗೆ ಸೇರಿಸುವುದರಲ್ಲೇ.

ಜಪಾನಿನ ಕಂಪನಿಗಳಿಗೆ ಈ ಬಿಡಿ ಆಪ್ಷನ್ ಪದ್ಧತಿ ಒಗ್ಗಲಿಲ್ಲ. ಅಮೆರಿಕದಲ್ಲಿ ಮಾರಲು ಅವರ ಕಾರು ಸಮುದ್ರ ದಾಟಿ ಬರಬೇಕು. ಒಬ್ಬೊಬ್ಬರ ಆರ್ಡರ್‌ಗೆ ಒಂದೊಂದು ಬಗೆಯಲ್ಲಿ ತಯಾರಿಸುತ್ತಾ ಕೂತರೆ ತಿಂಗಳುಗಟ್ಟಲೆ ಕಾಯಬೇಕು. ಹಾಗಾಗಿ ಬಿಡಿ ಆಪ್ಷನ್‌ಗಳನ್ನು ಕಟ್ಟು ಕಟ್ಟಿ ಕೆಲವೇ ವೇರಿಯಂಟ್ ಮಾಡಿದರು. ನಮ್ಮ ದೇಶದಲ್ಲಿ ನೆಲೆಯೂರಿದ್ದೂ ಇದೇ ಕ್ರಮ. ಮಾರುತಿಯ ಎಲ್‌ಎಕ್ಸ್‌ಐ, ವಿಎಕ್ಸ್‌ಐ, ಝಡ್‌ಎಕ್ಸ್‌ಐ ಮನೆಮಾತಾದವು. ಇದರಿಂದ ಕಾರ್ಖಾನೆಗೆ ಕೆಲಸ ಸುಲಭ, ಡೀಲರ್‌ಗೆ ಸ್ಟಾಕ್ ಸುಲಭ. ಆದರೆ ಸನ್‌ರೂಫ್ ಒಂದೇ ಬೇಕಾದವರು ಬೇಡದ ಹತ್ತು ವಸ್ತುಗಳಿಗೂ ದುಡ್ಡು ಕೊಡಬೇಕು.

ಇಷ್ಟೇ ಆಗಿದ್ದರೆ ಇದು ಬರೀ ವ್ಯಾಪಾರದ ಕಥೆ. ಸಮಸ್ಯೆ ಎಂದರೆ ಜೀವ ಉಳಿಸುವ ವಸ್ತುಗಳೂ ಇದೇ ಪಟ್ಟಿಗೆ ಸೇರಿದವು. 1956ರಲ್ಲಿ ಫೋರ್ಡ್ ಸೀಟ್ ಬೆಲ್ಟನ್ನು ಹೆಚ್ಚುವರಿ ಹಣಕ್ಕೆ ಮಾರಿತು. ಎಪ್ಪತ್ತರ ದಶಕದಲ್ಲಿ ಜನರಲ್ ಮೋಟಾರ್ಸ್ ಕೆಲವು ದೊಡ್ಡ ಕಾರುಗಳಿಗೆ ಏರ್‌ಬ್ಯಾಗನ್ನು ಆಪ್ಷನ್ ಆಗಿ ಇಟ್ಟು, ಕೊಳ್ಳುವವರು ಕಡಿಮೆ ಎಂದು 1976ರ ನಂತರ ಕೈಬಿಟ್ಟಿತು. ಅಮೆರಿಕದ ಎಲ್ಲ ಹೊಸ ಕಾರುಗಳಿಗೂ ಮುಂದಿನ ಎರಡು ಏರ್‌ಬ್ಯಾಗ್ ಕಡ್ಡಾಯವಾಗಲು 1998ರ ಮಾಡೆಲ್ ವರ್ಷ ಬರಬೇಕಾಯಿತು. ಬೇರೆ ದಾರಿಯೂ ಇತ್ತು: ವೋಲ್ವೊ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದ ಮೂರು ಬಿಂದುವಿನ ಬೆಲ್ಟನ್ನು ಕಂಪನಿ 1959ರಲ್ಲಿ ಕಾರಿಗೆ ಅಳವಡಿಸಿ, ಪೇಟೆಂಟನ್ನು ಎಲ್ಲರಿಗೂ ಮುಕ್ತವಾಗಿಸಿತು.

ನಮ್ಮಲ್ಲಿ ಕಣ್ಣು ತೆರೆಸಿದ್ದು 2014. ಕಾರುಗಳ ಸುರಕ್ಷತೆ ಪರೀಕ್ಷಿಸುವ ಗ್ಲೋಬಲ್ ಎನ್‌ಸಿಎಪಿ ಸಂಸ್ಥೆ ಭಾರತದ ಐದು ಕಾರುಗಳ ಬೇಸ್ ಮಾಡೆಲ್‌ಗಳನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಡಿಕ್ಕಿ ಹೊಡೆಸಿ ನೋಡಿತು. ಏರ್‌ಬ್ಯಾಗ್ ಇಲ್ಲದ ಐದಕ್ಕೂ, ದೊಡ್ಡವರ ರಕ್ಷಣೆಯಲ್ಲಿ ಸೊನ್ನೆ ಸ್ಟಾರ್. ಅವುಗಳಲ್ಲಿ ಫೋಕ್ಸ್‌ವ್ಯಾಗನ್ ಪೋಲೊ ಕೂಡ ಒಂದು. ಅದೇ ಪೋಲೊಗೆ ಎರಡು ಏರ್‌ಬ್ಯಾಗ್ ಹಾಕಿ ಪರೀಕ್ಷಿಸಿದಾಗ ನಾಲ್ಕು ಸ್ಟಾರ್! ಕಂಪನಿ ಏರ್‌ಬ್ಯಾಗ್ ಇಲ್ಲದ ಪೋಲೊ ಮಾರಾಟವನ್ನೇ ನಿಲ್ಲಿಸಿತು. ಮುಂದೆ 2019ರ ಜುಲೈನಿಂದ ಚಾಲಕರ ಏರ್‌ಬ್ಯಾಗ್ ಕಡ್ಡಾಯವಾಯಿತು, ಆಮೇಲೆ ಪಕ್ಕದ ಸೀಟಿನದೂ.

ಎಕ್ಸ್‌ಯುವಿ700 ಬಂದದ್ದು ಈ ಬದಲಾವಣೆಯ ನಂತರ. ಎರಡೇ ಏರ್‌ಬ್ಯಾಗ್ ಇದ್ದ ಅದರ ಆರಂಭದ ಮಟ್ಟದ ಕಾರು ಗ್ಲೋಬಲ್ ಎನ್‌ಸಿಎಪಿ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೆ ಐದು ಸ್ಟಾರ್ ಪಡೆಯಿತು. ಅಂದರೆ ಗಟ್ಟಿ ಬಾಡಿಯನ್ನು ಎಲ್ಲ ವೇರಿಯಂಟ್‌ಗೂ ಸಮನಾಗಿ ಕೊಡಬಹುದು.

ಹಾಗಾದರೆ ನೀವು ಏನು ಮಾಡಬೇಕು? ಸೀಟ್ ಕವರ್, ಮ್ಯೂಸಿಕ್ ಸಿಸ್ಟಮ್, ಅಲಾಯ್ ವೀಲ್, ರಿವರ್ಸ್ ಕ್ಯಾಮೆರಾ ಇವೆಲ್ಲವನ್ನೂ ಆಮೇಲೆ ಹೊರಗಡೆ ಹಾಕಿಸಬಹುದು. ಏರ್‌ಬ್ಯಾಗ್, ಕಾರು ಜಾರದಂತೆ ತಡೆಯುವ ಇಎಸ್‌ಸಿ ಕಾರ್ಖಾನೆಯಿಂದಲೇ ಬರಬೇಕು. ಆದ್ದರಿಂದ ಬುಕ್ ಮಾಡುವ ಮೊದಲು ಬ್ರೋಷರ್‌ನ ಸುರಕ್ಷತೆಯ ಪುಟ ಓದಿ. ನಿಮ್ಮ ವೇರಿಯಂಟ್‌ನಲ್ಲಿ ಎಷ್ಟು ಏರ್‌ಬ್ಯಾಗ್, ಇಎಸ್‌ಸಿ ಇದೆಯೇ, ಹಿಂದಿನ ಸೀಟಿನ ನಡುವೆ ಕೂರುವವರಿಗೂ ಮೂರು ಬಿಂದುವಿನ ಬೆಲ್ಟ್ ಇದೆಯೇ ಎಂದು ಕೇಳಿ. ಹಣ ಹೆಚ್ಚಿದ್ದವರಿಗೆ ಮೆತ್ತನೆಯ ಸೀಟು ಸಿಗಲಿ, ತಪ್ಪಿಲ್ಲ. ಅಪಘಾತದಲ್ಲಿ ಬದುಕುವ ಅವಕಾಶ ಮಾತ್ರ ಬೇಸ್ ಮಾಡೆಲ್ ಕೊಳ್ಳುವ ಕುಟುಂಬಕ್ಕೂ ಅಷ್ಟೇ ಸಿಗಬೇಕು.