ಒಡೆದ ಕಂಠ, ಒಡೆಯದ ಅರ್ಥ
(ಶಾಲಾ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಈಗತಾನೆ ನಮ್ಮ ಮಕ್ಕಳು ಆಡಿ ತೋರಿಸಿದ ಯಕ್ಷಗಾನವನ್ನು ಕಂಡು ಸಂತೋಷಪಟ್ಟೆವು. ಆದರೆ ನಡುವೆ ಒಂದು ಸಣ್ಣ ಸಂಗತಿ ನಡೆಯಿತು. ಅಭಿಮನ್ಯುವಿನ ವೇಷದ ಬಾಲಕನ ಕಂಠವು ವೀರರಸದ ಮಾತಿನ ನಡುವೆ ಎರಡು ಬಾರಿ ಒಡೆಯಿತು. ಸಭೆಯಲ್ಲಿ ಕೆಲವರು ನಕ್ಕರು. ಬಾಲಕನು ಉಳಿದ ಅರ್ಥವನ್ನು ನುಂಗಿಕೊಂಡು, ಕುಣಿತವನ್ನು ಮಾತ್ರ ಪೂರೈಸಿ ಚೌಕಿಗೆ ಹೋದನು. ಸಂಘದವರು ನಮಗೆ ಬೇರೊಂದು ವಿಷಯವನ್ನು ಕೊಟ್ಟಿದ್ದರು. ಅವರ ಕ್ಷಮೆಯನ್ನು ಬೇಡಿ, ಆ ನಗೆಯ ವಿಚಾರವಾಗಿಯೇ ಎರಡು ಮಾತುಗಳನ್ನು ಆಡಬಯಸುತ್ತೇವೆ. ವೇಷಧಾರಿಯ ಕಂಠವು ವಯಸ್ಸಿನೊಡನೆ ಹೇಗೆ ಬದಲಾಗುತ್ತದೆ, ಬದಲಾದಾಗ ಪಾತ್ರದ ಗತಿಯೇನು ಎಂಬುದೇ ಇಂದಿನ ವಿಷಯ.

ಮೊದಲು ದೇಹಧರ್ಮವನ್ನು ತಿಳಿಯೋಣ. ನಮ್ಮ ಗಂಟಲಿನ ಪೆಟ್ಟಿಗೆಯಲ್ಲಿ ಎರಡು ಧ್ವನಿತಂತುಗಳಿವೆ. ಉಸಿರು ಅವುಗಳ ನಡುವೆ ಹಾಯುವಾಗ ಅವು ಕಂಪಿಸಿ ನಾದ ಹುಟ್ಟುತ್ತದೆ. ಮಾತನಾಡುವಾಗ ಈ ಕಂಪನವು ಹೆಂಗಸರಲ್ಲಿ ಸೆಕೆಂಡಿಗೆ ಸುಮಾರು 200, ಗಂಡಸರಲ್ಲಿ 100ರಿಂದ 150. ಎಳೆಯ ಮಕ್ಕಳಲ್ಲಿ ಇವೆರಡಕ್ಕಿಂತಲೂ ಹೆಚ್ಚು. ಹುಡುಗರಿಗೆ 12ರಿಂದ 16 ವಯಸ್ಸಿನ ನಡುವೆ ಗಂಟಲಿನ ಪೆಟ್ಟಿಗೆ ಬೆಳೆದು ತಂತುಗಳು ಉದ್ದವೂ ದಪ್ಪವೂ ಆಗುತ್ತವೆ. ಸ್ವರವು ಹೆಚ್ಚು ಕಡಿಮೆ ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ಹೊಸ ತಂತಿಗಳನ್ನು ಕಟ್ಟಿದ ವೀಣೆಯನ್ನು ಹಳೆಯ ಬೆರಳುಗಾರಿಕೆಯಿಂದ ಮೀಟಿದಂತೆ, ಕೆಲವು ತಿಂಗಳ ಕಾಲ ಕಂಠವು ಹೇಳಿದ ಮಾತನ್ನು ಕೇಳುವುದಿಲ್ಲ. ಹುಡುಗಿಯರ ಕಂಠವೂ ಬದಲಾಗುತ್ತದೆ. ಆದರೆ ಆ ಇಳಿತ ಅಲ್ಪವಾದುದರಿಂದ ಕೇಳುವವರಿಗೆ ಅಷ್ಟಾಗಿ ತೋರದು.

ಮುಪ್ಪಿನಲ್ಲಿ ಎರಡನೆಯ ಬದಲಾವಣೆ. ತಂತುಗಳು ತೆಳುವಾಗುತ್ತವೆ, ಮೃದ್ವಸ್ಥಿಗಳು ಬಿರುಸಾಗುತ್ತವೆ, ಎದೆಯಲ್ಲಿ ಉಸಿರು ಮೊದಲಿನಷ್ಟು ನಿಲ್ಲದು. ಗಂಡಸರ ಸ್ವರ ಸ್ವಲ್ಪ ಮೇಲೇರಿ ಕ್ಷೀಣವಾಗುವುದುಂಟು. ಹೆಂಗಸರ ಸ್ವರ ಕೆಳಗಿಳಿಯುವುದುಂಟು. ಇದು ಯಾರ ತಪ್ಪೂ ಅಲ್ಲ. ಎಲೆ ಹಣ್ಣಾದಂತೆ ಸಹಜವಾದುದು.

ಪಾರ್ತಿಸುಬ್ಬನ ಕುಂಬಳೆ ಸೀಮೆಯವರಾದ ನಾವು ಈ ಸತ್ಯವನ್ನು ಮೇಳದ ಕಟ್ಟುಪಾಡಿನಲ್ಲಿಯೇ ಕಾಣಬಹುದು. ತೆಂಕುತಿಟ್ಟಿನಲ್ಲಿ ಹುಡುಗನು ಕೋಡಂಗಿಯಾಗಿ ರಂಗಕ್ಕೆ ಬರುತ್ತಾನೆ, ಬಾಲಗೋಪಾಲನಾಗುತ್ತಾನೆ. ಎಳೆಯ ಕಂಠವಿರುವಾಗ ಸ್ತ್ರೀವೇಷ. ಮೈಯಲ್ಲಿ ಚುರುಕು ತುಂಬಿದಾಗ ಅಭಿಮನ್ಯು, ಬಭ್ರುವಾಹನರಂತಹ ಪುಂಡುವೇಷ. ಸ್ವರ ಗಟ್ಟಿಯಾದ ಮೇಲೆ ಪೀಠಿಕೆ ವೇಷ, ಎದುರುವೇಷ. ಅಬ್ಬರಿಸಿ ತೆರೆಯ ಹಿಂದಿನಿಂದ ಬರುವ ಬಣ್ಣದ ವೇಷ. ಎಲ್ಲರೂ ಎಲ್ಲ ಮೆಟ್ಟಲುಗಳನ್ನು ಹತ್ತುವುದಿಲ್ಲವೆಂಬುದು ನಿಜ. ಸ್ತ್ರೀವೇಷದಲ್ಲಿಯೇ ಬಾಳನ್ನು ಸವೆಸಿದವರೂ ಉಂಟು. ಆದರೂ ಒಂದು ಕಂಠ ಕಳೆದುಹೋದರೆ ಇನ್ನೊಂದು ಕಂಠಕ್ಕೆ ಬಾಗಿಲು ತೆರೆದಿರಬೇಕೆಂಬ ವಿವೇಕ ಹಿರಿಯರಿಗಿತ್ತು.

ಈ ವಿವೇಕದ ಬೆಲೆ ಅದಿಲ್ಲದೆಡೆ ಹೆಚ್ಚು ಸ್ಪಷ್ಟವಾಗುತ್ತದೆ. ಮರಾಠಿ ಸಂಗೀತ ನಾಟಕಗಳಲ್ಲಿ ನಾಯಿಕೆಯ ಪಾತ್ರದಿಂದ ಕೀರ್ತಿಶಿಖರವನ್ನೇರಿದ ಬಾಲಗಂಧರ್ವರು (1888–1967) 1911ರಲ್ಲಿ ‘ಮಾನಾಪಮಾನ’ದ ಭಾಮಿನಿಯಾಗಿ ರಂಗಕ್ಕೆ ಬಂದರು. 1935ರಲ್ಲಿ ‘ಧರ್ಮಾತ್ಮಾ’ ಚಲಚ್ಚಿತ್ರದಲ್ಲಿ ಸಂತ ಏಕನಾಥರ ಪಾತ್ರವನ್ನು ವಹಿಸಿದರೂ, ಮತ್ತೆ ನಾಟಕರಂಗಕ್ಕೆ ಮರಳಿ ಇಳಿವಯಸ್ಸಿನಲ್ಲಿಯೂ ಸ್ತ್ರೀಪಾತ್ರಗಳನ್ನೇ ಧರಿಸಿದರು. ಅಷ್ಟು ದೊಡ್ಡ ಗಾಯಕನಿಗೂ ಅಭಿಮಾನಿಗಳ ನೆನಪಿನಲ್ಲಿದ್ದ ಆ ಯೌವನದ ಕಂಠವೇ ಒಂದು ಪಂಜರವಾಯಿತೆಂದು ನಮಗೆ ತೋರುತ್ತದೆ.

ನಮ್ಮಲ್ಲಿ ಇನ್ನೊಂದು ಆಶ್ರಯವೂ ಇದೆ, ಅದು ತಾಳಮದ್ದಲೆ. ಅಲ್ಲಿ ಕಿರೀಟವಿಲ್ಲ, ಬಣ್ಣವಿಲ್ಲ, ಕುಣಿತವಿಲ್ಲ. ಹಾಡು ಮತ್ತು ಮಾತು ಮಾತ್ರ. ಎಪ್ಪತ್ತರ ಹಿರಿಯರು ಅಭಿಮನ್ಯುವಿನ ಅರ್ಥವನ್ನು ಹೇಳುತ್ತಾರೆ, ನಾವು ಹದಿನಾರರ ಬಾಲಕನನ್ನೇ ಕಾಣುತ್ತೇವೆ. ಅದು ಹೇಗೆ? ಅವರು ಹುಡುಗನ ಸ್ವರವನ್ನು ಅನುಕರಿಸುವುದಿಲ್ಲ. ಹುಡುಗನ ಆತುರವನ್ನು, ಹಿಂದೆ ಮುಂದೆ ನೋಡದ ಧೈರ್ಯವನ್ನು ಮಾತಿನ ನಡೆಯಲ್ಲಿ ತರುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿಯನ್ನೂ ರಾವಣನನ್ನೂ ಕೇಳಿದವರು ಇಂದಿಗೂ ನೆನೆಯುವುದು ಕಂಠದ ಗಾತ್ರವನ್ನಲ್ಲ, ಆ ಪಾತ್ರಗಳ ಬಾಯಿಂದ ಬಂದ ತರ್ಕವನ್ನು. ಪಡ್ರೆಯಲ್ಲಿ ಹುಟ್ಟಿದ ಬಲಿಪ ನಾರಾಯಣ ಭಾಗವತರು (1938–2023) ಅದೇ ಹೆಸರಿನ ತಮ್ಮ ಅಜ್ಜನ ಹಾಡುವ ಕ್ರಮವನ್ನು ಮುಂದುವರಿಸಿದರು. ಅಜ್ಜನ ಕಂಠ ಮುಗಿಯಿತು, ಕ್ರಮ ಮುಗಿಯಲಿಲ್ಲ. ಗಂಡಸರದೇ ಎಂದು ತಿಳಿದಿದ್ದ ಭಾಗವತಿಕೆಯ ಪೀಠದಲ್ಲಿ ಮಧೂರಿನವರಾದ ಲೀಲಾವತಿ ಬೈಪಾಡಿತ್ತಾಯರು (1947–2024) ಕುಳಿತು, ಚೆಂಡೆಯ ಎದುರು ರಾತ್ರಿಯಿಡೀ ಹಾಡಿದರು. ಪಾತ್ರಕ್ಕೆ ಇಂತಹದೇ ಕಂಠವಾಗಬೇಕೆಂಬ ನಮ್ಮ ನಿಯಮಗಳು ಎಷ್ಟು ಸಡಿಲವಾದುವೆಂಬುದನ್ನು ಅವರು ತೋರಿಸಿಕೊಟ್ಟರು.

ಇನ್ನು ನಮ್ಮ ಸ್ವಂತ ಮಾತು. ‘ಕೃಷ್ಣಸಂಧಾನ’ ಪ್ರಸಂಗದಲ್ಲಿ ನಾವು ಮೂರು ಕಂಠಗಳಿಂದ ಅರ್ಥ ಹೇಳಿದವರು. ಹದಿಮೂರನೆಯ ವಯಸ್ಸಿನಲ್ಲಿ ಶಾಲೆಯ ಕೂಟದಲ್ಲಿ ನಮಗೆ ದ್ರೌಪದಿಯ ಅರ್ಥ ಬಂದಿತು. ಬಿಚ್ಚಿದ ಮುಡಿಯನ್ನು ಹಿಡಿದು ಕೃಷ್ಣನ ಮುಂದೆ ದುಃಖವನ್ನು ತೋಡಿಕೊಳ್ಳುವ ಸಂದರ್ಭದಲ್ಲಿ ಕಂಠ ಒಡೆಯಿತು. ದ್ರೌಪದಿಯ ಬಾಯಿಂದ ಕೋಣದ ಕೂಗು ಹೊರಟಿತೆಂದು ಸಭೆ ನಕ್ಕಿತು. ಮರುದಿನ ತರಗತಿಯೂ ನಕ್ಕಿತು. ನಾವು ಮಾತನ್ನೇ ಬಿಟ್ಟೆವು. ಕೂಟಕ್ಕೆ ಮಾತ್ರವಲ್ಲ, ತರಗತಿಯಲ್ಲಿ ಪದ್ಯ ಓದಲೂ ಏಳುತ್ತಿರಲಿಲ್ಲ. ಹೀಗೆ ನಾಲ್ಕು ವರ್ಷಗಳು ಸಂದುವು.

ನಮ್ಮ ಊರಿನ ಒಬ್ಬ ವೃದ್ಧ ಭಾಗವತರು ಒಂದು ಸಂಜೆ ಮನೆಗೆ ಬಂದರು. ಅವರ ಸ್ವರವೂ ಆ ಹೊತ್ತಿಗೆ ನಡುಗುತ್ತಿತ್ತು. ಶ್ರುತಿಯನ್ನು ತಗ್ಗಿಸಿಕೊಂಡು ಹಾಡುತ್ತಿದ್ದರು. “ಮಗು, ನಿನ್ನ ಕಂಠ ಒಡೆದಿದೆ, ಅರ್ಥ ಒಡೆದಿಲ್ಲ. ನನಗೂ ಹಾಗೆಯೇ. ಬಾ, ಇಬ್ಬರೂ ಕೂಡಿ ಕೂಟ ನಡೆಸೋಣ” ಎಂದರು. ಆ ರಾತ್ರಿ ಕೌರವನ ಅರ್ಥ ಹೇಳಿದೆವು. ದ್ರೌಪದಿಯನ್ನು ಕಳೆದುಕೊಂಡ ಗಂಟಲಿನಲ್ಲಿ ಕೌರವನು ಕಾದುಕೊಂಡಿದ್ದನೆಂದು ಆಗ ತಿಳಿಯಿತು. ಇಂದು ನಮ್ಮ ಉಸಿರು ಕೌರವನ ಛಲಕ್ಕೆ ಸಾಲದು, ಆದುದರಿಂದ ವಿದುರನಾಗಿದ್ದೇವೆ. ದ್ರೌಪದಿಯಾಗಿ ಪಟ್ಟ ಸಂಕಟವೂ ಕೌರವನಾಗಿ ಕಂಡ ಹಠವೂ ನಮ್ಮೊಳಗೆ ಇಲ್ಲದಿದ್ದರೆ ವಿದುರನ ನಾಲ್ಕು ಮಾತುಗಳು ನಮ್ಮಿಂದ ಬರುತ್ತಿರಲಿಲ್ಲ.

ಬಂಧುಗಳೆ, ಇದನ್ನು ಒಂದು ವಿನೋದದ ಸಂಗತಿಯೆಂದು ಬಗೆಯಬೇಡಿ. ನಮ್ಮ ಶಾಲೆಯ ಮಕ್ಕಳಲ್ಲಿ ಹಲವರು ಮನೆಯಲ್ಲಿ ತುಳು, ಕೊಂಕಣಿ, ಮರಾಠಿ, ಮಲೆಯಾಳ ನುಡಿಯುವವರು. 1956ರ ನವೆಂಬರ್ 1ರಿಂದ ಕೇರಳಕ್ಕೆ ಸೇರಿದ ಈ ನಾಡಿನಲ್ಲಿ ಅವರ ಕಿವಿಗೆ ತುಂಬುಗನ್ನಡ ಬೀಳುವ ತಾಣಗಳು ಬಹಳವಿಲ್ಲ. ತರಗತಿಯೊಂದು, ಯಕ್ಷಗಾನದ ರಂಗವೊಂದು. ಹದಿಮೂರರಲ್ಲಿ ನಗೆಗೆ ಹೆದರಿ ಬಾಯಿ ಮುಚ್ಚಿದ ಹುಡುಗನು ಹದಿನೇಳರಲ್ಲಿ ತೆರೆಯುವನೆಂಬ ಭರವಸೆಯಿಲ್ಲ. ನಮ್ಮ ಬಾಗಿಲಿಗೆ ಒಬ್ಬ ಭಾಗವತರು ಬಂದರು. ಎಲ್ಲರ ಬಾಗಿಲಿಗೂ ಬರುವವರು ಯಾರು? ನಮ್ಮೊಡನೆ ಓದಿದ ಇಬ್ಬರು ಗೆಳೆಯರು ಅಂದು ಬಿಟ್ಟ ಅರ್ಥವನ್ನು ಮತ್ತೆ ಹಿಡಿಯಲೇ ಇಲ್ಲ. ಅವರಲ್ಲಿ ಒಬ್ಬನ ನಾಲಗೆ ನಮ್ಮದಕ್ಕಿಂತ ಹರಿತವಾಗಿತ್ತು.

ಆದುದರಿಂದ ಅಧ್ಯಾಪಕರಲ್ಲಿ ನಮ್ಮ ಬಿನ್ನಹವಿಷ್ಟೆ. ಕಂಠ ಒಡೆಯುವ ಕಾಲದಲ್ಲಿ ಹುಡುಗನನ್ನು ರಂಗದಿಂದ ಇಳಿಸಬೇಡಿ, ಪಾತ್ರವನ್ನು ಬದಲಿಸಿ. ತಾರಸ್ವರದ ಪಾತ್ರಗಳಿಂದ ತೆಗೆದು ತಗ್ಗಿನಲ್ಲಿ ಸಮಾಧಾನವಾಗಿ ಮಾತನಾಡುವ ಪಾತ್ರಗಳನ್ನು ಕೊಡಿ. ತಾಳ ಹಿಡಿಯಲು, ಮದ್ದಲೆ ಕಲಿಯಲು ಹಚ್ಚಿ. ಈ ಸಮಯದಲ್ಲಿ ಕಿರಿಚಿ ಅಬ್ಬರಿಸಲು ಹೇಳಬೇಡಿ. ಧ್ವನಿವರ್ಧಕವಿರುವಾಗ ಬಯಲಿನ ತುದಿಯವರೆಗೆ ಕೂಗಬೇಕಾದ ಅಗತ್ಯವೂ ಇಲ್ಲ. ಗಂಟಲಿಗೆ ನೀರು, ನಿದ್ರೆ, ವಿರಾಮ ದೊರೆಯಲಿ. ಮೂರು ವಾರ ಕಳೆದರೂ ಗೊಗ್ಗರು ಸ್ವರ ಹೋಗದಿದ್ದರೆ, ಬಾಲಕನಾಗಲಿ ವೃದ್ಧನಾಗಲಿ, ವೈದ್ಯರನ್ನು ಕಾಣತಕ್ಕದ್ದು.

ಹಿರಿಯ ಕಲಾವಿದರಲ್ಲಿಯೂ ಒಂದು ಮಾತು. ಶ್ರುತಿಯನ್ನು ತಗ್ಗಿಸುವುದು ಸೋಲಲ್ಲ. ಒಂದೇ ಉಸಿರಿನಲ್ಲಿ ಹೇಳುತ್ತಿದ್ದುದನ್ನು ಮೂರು ಉಸಿರಿನಲ್ಲಿ ಹೇಳಿದರೆ ಕೇಳುವವನಿಗೆ ಯೋಚಿಸಲು ಎರಡು ಎಡೆ ದೊರೆಯುತ್ತದೆ.

ಕೊನೆಯದಾಗಿ, ಚೌಕಿಯಲ್ಲಿ ಬಣ್ಣ ತೆಗೆಯುತ್ತಿರುವ ಆ ಬಾಲಕನಿಗೆ. ಮಗು, ನೀನು ನುಂಗಿದ ಮಾತು ನಮಗೆ ಬೇಕಾಗಿತ್ತು. ಚಕ್ರವ್ಯೂಹದ ಬಾಗಿಲಲ್ಲಿ ನಿಂತ ಹದಿನಾರರ ಹುಡುಗನ ಕಂಠವೂ ಒಡೆದಿರಲಾರದೆಂದು ಹೇಳುವವರು ಯಾರು? ಬರುವ ತಿಂಗಳು ನಮ್ಮ ಕೂಟದಲ್ಲಿ ‘ಕೃಷ್ಣಸಂಧಾನ’ವಿದೆ. ನಾವು ವಿದುರ. ಕೌರವನ ಸ್ಥಾನ ತೆರವಾಗಿದೆ, ನೀನು ಬರಬೇಕು.