ಊರಿಗೆ ಹೊರಟಾಗ ಗುಳಿಗಿ ಹೇಗೆ ಒಯ್ಯಬೇಕು?



ತೊಗರಿ ರಾಶಿ ಮುಗೀತು ಅಂದ್ರ ನಮ್ಮ ಸೇಡಂ, ಚಿಂಚೋಳಿ, ಚಿತ್ತಾಪುರ ಕಡೆಯ ಎಷ್ಟೋ ಮಂದಿ ದುಡಿಯಲು ಹೊರಡುತ್ತಾರೆ. ಕೆಲವರು ಹೈದರಾಬಾದಿಗೆ ಹೋಗುತ್ತಾರೆ. ಕೆಲವರು ವಾಡಿಯಲ್ಲಿ ರೈಲು ಹತ್ತಿ ಪುಣೆ, ಮುಂಬೈಗೆ ಹೋಗುತ್ತಾರೆ. ಗಂಟು ಕಟ್ಟುವಾಗ ರೊಟ್ಟಿ, ಶೇಂಗಾ ಹಿಂಡಿ ಮರೆಯುವುದಿಲ್ಲ. ಬಿ.ಪಿ. ಗುಳಿಗಿ, ಶುಗರ್ ಗುಳಿಗಿಯೂ ಜೊತೆಗೆ ಬರುತ್ತವೆ. ಎಲ್ಲಿ ಇಟ್ಟುಕೊಳ್ಳುತ್ತೇವೆ? ಪಟ್ಟಿಯಿಂದ ಬಿಡಿಸಿ ಎಲೆ-ಅಡಿಕೆ ಸಂಚಿಯಲ್ಲಿ. ಇಲ್ಲಾಂದ್ರ ಸೆರಗಿನ ತುದಿಗೆ ಗಂಟು.

ಹೀಗೆ ಒಯ್ದರೆ ಪೊಲೀಸರು ಹಿಡೀತಾರೇನ್ರಿ ಅಂತ ನೀವು ಕೇಳಬಹುದು. ಬಿ.ಪಿ., ಶುಗರ್ ಗುಳಿಗಿಗೆ ಆ ಭಯ ಬೇಡ. ಗುಳಿಗಿಯನ್ನು ಬೇರೆ ಡಬ್ಬಿಯಲ್ಲಿ ಇಟ್ಟುಕೊಳ್ಳುವುದು ಅಪರಾಧ ಅಂತ ನಮ್ಮ ದೇಶದ ಕಾನೂನು ಹೇಳಿಲ್ಲ. ಔಷಧಗಳ ಕಾಯ್ದೆ 1940ರದು. ಅದರ ನಿಯಮಗಳು 1945ರವು. ಅವು ಹೆಚ್ಚಾಗಿ ಕಟ್ಟಿಹಾಕುವುದು ಔಷಧ ಮಾಡುವವರನ್ನು, ಮಾರುವವರನ್ನು. ಪಟ್ಟಿಯ ಮೇಲೆ ಔಷಧದ ಹೆಸರು, ಮಾಡಿದ ತಿಂಗಳು, ಅವಧಿ ಮುಗಿಯುವ ತಿಂಗಳು ಅಚ್ಚಾಗಿರಬೇಕು. ಕೆಲವು ಔಷಧಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ.

ಆದರೆ ಇನ್ನೊಂದು ಕಾಯ್ದೆ ಇದೆ. ಅದು 1985ರ ಮಾದಕ ವಸ್ತುಗಳ ಕಾಯ್ದೆ. ಗಾಂಜಾ, ಅಫೀಮು ಮಾತ್ರ ಅದರಲ್ಲಿವೆ ಅಂತ ಬಹಳ ಮಂದಿ ತಿಳಿದಿದ್ದಾರೆ. ಹಂಗಲ್ಲ. ನಿದ್ದೆ ಗುಳಿಗಿ ಕೆಲವು ಅದರಲ್ಲಿವೆ. ಮೂರ್ಛೆ ರೋಗಕ್ಕೆ, ಅಂದ್ರ ಫಿಟ್ಸಿಗೆ, ಕೊಡುವ ಫೆನೋಬಾರ್ಬಿಟೋನ್ ಅದರಲ್ಲಿದೆ. ಟ್ರಮಡಾಲ್ ಎಂಬ ನೋವಿನ ಗುಳಿಗಿ 2018ರಲ್ಲಿ ಸೇರಿತು. ಇವು ಕಳ್ಳ ಮಾಲಲ್ಲ, ಡಾಕ್ಟರೇ ಕೊಡುವ ಔಷಧ. ಅದಕ್ಕೇ ಕಾನೂನು ರೋಗಿಗೆ ದಾರಿ ಬಿಟ್ಟಿದೆ. ಸ್ವಂತ ಔಷಧಕ್ಕಾಗಿ ಒಂದು ಸಲಕ್ಕೆ 100 ಗುಳಿಗಿಯವರೆಗೆ ಇಟ್ಟುಕೊಳ್ಳಬಹುದು. ಬಹಳ ದಿನ ತಿನ್ನಬೇಕು ಅಂತ ಡಾಕ್ಟರು ಚೀಟಿಯಲ್ಲಿ ಬರೆದಿದ್ದರೆ 300ರವರೆಗೆ ಆಗುತ್ತದೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹಿಡೀರಿ. ಇಂಥ ಗುಳಿಗಿ ಕೈಯಲ್ಲಿ ಸಿಕ್ಕರೆ ಅದು ಯಾಕೆ ಬಂತು ಅಂತ ಲೆಕ್ಕ ಕೊಡುವ ಹೊಣೆ ನಮ್ಮದೇ. ಸೆರಗಿನ ಗಂಟಿನಲ್ಲಿ ಹೆಸರಿಲ್ಲದ ಬಿಳಿ ಗುಳಿಗಿ ಇದ್ದರೆ ಏನು ಹೇಳುವುದು? ಪಟ್ಟಿ ಇದ್ದರೆ ಹೆಸರು ಅದೇ ಹೇಳುತ್ತದೆ. ಚೀಟಿ ಇದ್ದರೆ ಯಾರಿಗೆ, ಯಾಕೆ ಅಂತ ಹೇಳುತ್ತದೆ. ನೆರೆಮನೆಯವರ ಗುಳಿಗಿ ಪೊಟ್ಟಣ ಒಯ್ಯಬೇಡ್ರಿ. ಕಾನೂನಿನ ಸಡಿಲಿಕೆ ಸ್ವಂತ ರೋಗಕ್ಕೆ ಮಾತ್ರ.

ತಪಾಸಣೆ ಆಗಲೇಬೇಕಾದರೆ ಹೆಂಗಸರ ಮೈಯನ್ನು ಹೆಂಗಸರೇ ತಪಾಸಣೆ ಮಾಡಬೇಕು. ಇದೂ ಅದೇ ಕಾಯ್ದೆಯ 50ನೇ ಕಲಮಿನಲ್ಲಿದೆ. ಧೈರ್ಯವಾಗಿ ಕೇಳ್ರಿ.

ಇದನ್ನು ಕೇಳಿ ಹೆದರಿ ಯಾರೂ ಫಿಟ್ಸ್ ಗುಳಿಗಿ ಮನೆಯಲ್ಲಿ ಬಿಟ್ಟು ಹೋಗಬೇಡ್ರಿ. ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಜೋರಾಗಿ ಬರುತ್ತದೆ. ಜೀವಕ್ಕೇ ಅಪಾಯ.

ಪೊಲೀಸರ ಮಾತು ಬಿಡ್ರಿ, ರೈಲಿನಲ್ಲಿ ಒಬ್ಬರು ಎಚ್ಚರ ತಪ್ಪಿ ಬಿದ್ದರು ಅಂತ ತಿಳೀರಿ. ಸಂಚಿಯಲ್ಲಿ ಮೂರು ಬಣ್ಣದ ಗುಳಿಗಿ, ಸುಣ್ಣ ಹತ್ತಿದವು. ಪರ ಊರಿನ ಡಾಕ್ಟರಿಗೆ ಯಾವುದು ಶುಗರಿನದು, ಯಾವುದು ಬಿ.ಪಿ.ಯದು ಹೇಗೆ ತಿಳಿಯಬೇಕು? ನಮಗೆ ಕೇಳಿದರೆ ಇದೇ ದೊಡ್ಡ ಕಾರಣ. ನಮ್ಮ ಕಡೆಯ ಬಿಸಿಲಿಗೆ, ಬೆವರಿನ ಹಸಿಗೆ ಬಿಡಿ ಗುಳಿಗಿ ಬೇಗ ಕೆಡುತ್ತವೆ ಕೂಡ.

ಅಂಗಡಿಯಲ್ಲಿ ನಾಲ್ಕೇ ಗುಳಿಗಿ ಕತ್ತರಿಸಿ ಕೊಟ್ಟರೆ ಹೆಸರು, ತಾರೀಖು ಅವರ ತುಂಡಿನಲ್ಲೇ ಉಳಿಯಬಹುದು. ಹೆಸರು, ತಾರೀಖು ಬರೆದುಕೊಡ್ರಿ ಅನ್ರಿ. ಬಿಲ್ ಇಸ್ಕೋರಿ. ದಿನದ ಲೆಕ್ಕಕ್ಕೆ ಡಬ್ಬಿ ಬೇಕಾದರೆ ಇಟ್ಟುಕೊಳ್ರಿ, ಆದರೆ ಖಾಲಿ ಪಟ್ಟಿ, ಚೀಟಿ ಅದರ ಜೊತೆಗಿರಲಿ. ಚೀಟಿಯ ಒಂದು ಝೆರಾಕ್ಸ್ ಮನೆಯಲ್ಲಿರಲಿ.

ಹಜ್, ಉಮ್ರಾಕ್ಕೆ ಹೋಗುವ ತಾಯಂದಿರು, ದುಬೈಯಲ್ಲಿರುವ ಮಕ್ಕಳ ಹತ್ತಿರ ಹೋಗುವವರು ಇನ್ನೂ ಹುಷಾರಾಗಿರಬೇಕು. ಅಲ್ಲಿನ ಕಾನೂನು ಬೇರೆ. ನಿದ್ದೆಯ, ನೋವಿನ ಕೆಲವು ಗುಳಿಗಿಗೆ ಅಲ್ಲಿನ ಸರ್ಕಾರದ ಪರವಾನಗಿ ಮೊದಲೇ ಪಡೆಯಬೇಕು. ಎಲ್ಲ ಔಷಧ ಪಟ್ಟಿಯಲ್ಲೇ ಇರಲಿ, ಡಾಕ್ಟರ ಚೀಟಿ ಕೈಚೀಲದಲ್ಲಿರಲಿ. ನಾವು ಪಾಯಸಕ್ಕೆ ಹಾಕುವ ಗಸಗಸೆಯನ್ನು ಸಹ ಸೌದಿಗೆ, ದುಬೈಗೆ ಒಯ್ಯುವಂತಿಲ್ಲ! ಅದು ಅಫೀಮು ಗಿಡದ ಬೀಜ.

ನಾಳಿನ ಪಾಠಕ್ಕೆ ಎಲ್ಲರೂ ಮನೆಯಲ್ಲಿರುವ ಗುಳಿಗಿ ಪಟ್ಟಿ ತರ್ರಿ. ಅವಧಿ ಮುಗಿಯುವ ತಿಂಗಳು, ವರ್ಷ ಹುಡುಕಿ ಓದೋಣ. ಪಟ್ಟಿಯ ಎಡಗಡೆ ಮೇಲಿನ ಮೂಲೆಯಲ್ಲಿ ಕೆಂಪು ಬಣ್ಣದ ‘ಎನ್‌ಆರ್‌ಎಕ್ಸ್’ ಗುರುತು ಇದ್ದರೆ ಅದು ನಾವು ಹೇಳಿದ 1985ರ ಕಾಯ್ದೆಯ ಔಷಧ. ಆ ಇಂಗ್ಲಿಷ್ ಅಕ್ಷರಗಳನ್ನು ಹಲಗೆಯ ಮೇಲೆ ಬರೆದು ತೋರಿಸುತ್ತೇವೆ.