ಆಫ್ರಿಕದ ನೆಲದ ಆರ್ಕಿಡ್ ಗಿಡವನ್ನು ಬೆಳೆಸಿ ಸಲಹುವ ಕ್ರಮ

(ಮಧುರೆಯ ಬೆಳೆಗಾರರಿಗಾಗಿ ಉಪನ್ಯಾಸ)



ದೊಡ್ಡಬಳ್ಳಾಪುರ ತಾಲ್ಲೂಕಿನ ಈ ಸೀಮೆಯಲ್ಲಿ ರಾಗಿಯನ್ನು ಪರದೇಶದ ಬೆಳೆಯೆಂದು ಎಣಿಸುವವರು ಒಬ್ಬರೂ ಇರಲಾರರು. ಆದರೆ ರಾಗಿಯನ್ನು ಮನುಷ್ಯನು ಮೊಟ್ಟಮೊದಲು ಪಳಗಿಸಿದುದು ಪೂರ್ವ ಆಫ್ರಿಕದ ಎತ್ತರದ ನಾಡುಗಳಲ್ಲಿ ಎಂಬುದು ಸಸ್ಯಶಾಸ್ತ್ರಜ್ಞರ ನಿರ್ಣಯ. ಸಾವಿರಾರು ವರ್ಷಗಳ ಹಿಂದೆ ಭಾರತಕ್ಕೆ ಬಂದ ಆ ಧಾನ್ಯವು ಇಲ್ಲಿನ ಕೆಮ್ಮಣ್ಣಿಗೆ ಒಗ್ಗಿ, ಮನೆಮನೆಯ ಅನ್ನವಾಯಿತು. ಆ ನಾಡಿನಂತೆ ಈ ಸೀಮೆಯೂ ಎತ್ತರದ್ದೇ; ಇದು ಸಮುದ್ರಮಟ್ಟಕ್ಕಿಂತ ಸುಮಾರು 3,000 ಅಡಿ ಮೇಲಿದೆ, ಮಳೆಯು ಬೆಚ್ಚನೆಯ ತಿಂಗಳುಗಳಲ್ಲಿ ಸುರಿಯುತ್ತದೆ, ಚಳಿಗಾಲವು ಒಣಗಿರುತ್ತದೆ. ಇಂಥದೇ ಹವೆಯಲ್ಲಿ ಹುಟ್ಟಿ ಬೆಳೆಯುವ ಆಫ್ರಿಕದ ಇನ್ನೊಂದು ಸಸ್ಯದ ವಿಚಾರವೇ ಈ ಹೊತ್ತಿನ ವಿಷಯ. ಅದು ಹೊಟ್ಟೆಗೆ ಅನ್ನವಾಗತಕ್ಕದ್ದಲ್ಲ, ಕಣ್ಣಿಗೆ ಹಬ್ಬವಾಗತಕ್ಕದ್ದು.

ಗಿಡದ ಪರಿಚಯ

ಆರ್ಕಿಡ್ ಎಂದೊಡನೆ ಮಲೆನಾಡನ್ನು ಕಂಡವರಿಗೆ ಮರದ ಕೊಂಬೆಯಿಂದ ಜೋಲುವ ಸೀತಾಳೆ ದಂಡೆಯು ನೆನಪಿಗೆ ಬರುವುದು. ಅಂಥವು ಮರದ ತೊಗಟೆಗೆ ಬೇರಂಟಿಸಿ ಗಾಳಿಯ ತೇವದಿಂದ ಬದುಕುವ ಗಿಡಗಳು. ಬಯಲುಸೀಮೆಯ ಒಣಹವೆಯಲ್ಲಿ ಅವುಗಳನ್ನು ಉಳಿಸುವುದು ಶ್ರಮದ ಕೆಲಸ. ಆದರೆ ಇದೇ ಕುಟುಂಬದಲ್ಲಿ ಬೇರನ್ನು ಮಣ್ಣಿನಲ್ಲಿಯೇ ಊರಿ ಬೆಳೆಯುವ ಸಾವಿರಾರು ಜಾತಿಗಳುಂಟು. ಯುಲೋಫಿಯಾ ಎಂಬುದು ಅಂಥ ಒಂದು ಕುಲ. ಗ್ರೀಕ್ ಭಾಷೆಯಲ್ಲಿ ಈ ಮಾತಿಗೆ ಚೆಲುವಾದ ಜುಟ್ಟು ಎಂದರ್ಥ; ಹೂವಿನ ತುಟಿಯ ಮೇಲೆ ಎದ್ದುನಿಂತ ಏಣುಗಳಿಂದ ಈ ಹೆಸರು ಬಂದಿತು. ಇದರ ಜಾತಿಗಳಲ್ಲಿ ಹೆಚ್ಚಿನವು ಆಫ್ರಿಕದವು; ಕೆಲವು ಭಾರತದಲ್ಲಿಯೂ ಇವೆ. ದಕ್ಷಿಣ ಭಾರತದ ಒಣ ಕುರುಚಲು ಕಾಡುಗಳಲ್ಲಿ ದೊರೆಯುವ ಯುಲೋಫಿಯಾ ಎಪಿಡೆಂಡ್ರಿಯಾ ಇವುಗಳ ನಂಟಿನದೇ.

ಆಫ್ರಿಕದ ಜಾತಿಗಳಲ್ಲಿ ಮೂರು ಈ ಸೀಮೆಗೆ ಹೊಂದತಕ್ಕವು. ಮೊದಲನೆಯದು ಸ್ಟ್ರೆಪ್ಟೊಪೆಟಾಲ. ಇದು ಇಥಿಯೋಪಿಯದಿಂದ ದಕ್ಷಿಣ ಆಫ್ರಿಕದವರೆಗೆ ಹರಡಿದೆ. ಹೂವಿನ ಹೊರದಳಗಳು ಕಂದುಮಚ್ಚೆಯ ಹಸುರು, ಒಳದಳಗಳು ಹೊಳೆಯುವ ಹಳದಿ. ಎರಡನೆಯದು ಸ್ಪೆಸಿಯೋಸ. ಇದರ ಹಳದಿ ಹೂವಿನ ತೆನೆಯು ಮೂರಡಿಗೂ ಮಿಕ್ಕಿ ಏಳುತ್ತದೆ. ಮರಳುನೆಲವೆಂದರೆ ಇದಕ್ಕೆ ಪ್ರೀತಿ. ಮೂರನೆಯದು ಪೀಟರ್ಸಿಯೈ. ಇದು ಮುಳ್ಳುಪೊದೆಗಳ ಒಣನಾಡಿನ ಗಿಡ. ಎಲೆಯು ದಪ್ಪ, ಅಂಚು ಗರಗಸದಂತೆ. ಮರೆತವರ ಕೈಯಲ್ಲಿಯೂ ಬದುಕಬಲ್ಲುದು ಇದೊಂದೇ.

ದಕ್ಷಿಣ ಆಫ್ರಿಕದ ಕೇಪ್ ಪ್ರಾಂತದ ಕೆಂಪು ಡೈಸಾ ಹೂವಿನ ಚಿತ್ರವನ್ನು ಕಂಡು ಮನಸೋಲುವವರುಂಟು. ಅದು ಬೆಟ್ಟದ ತಣ್ಣನೆಯ ಹರಿಯುವ ನೀರಿನ ಅಂಚಿನ ಗಿಡ. ಮಧುರೆಯ ಏಪ್ರಿಲ್ ಬಿಸಿಲಿನಲ್ಲಿ ಅದನ್ನು ಬೆಳೆಸುವ ಸಾಹಸಕ್ಕೆ ಹಣ ಹಾಕಲಾಗದು.

ಗೆಡ್ಡೆಯ ಗುಣ

ಯುಲೋಫಿಯಾದ ಜೀವವೆಲ್ಲ ಅದರ ಗೆಡ್ಡೆಯಲ್ಲಿದೆ. ನಿಜವಾಗಿ ನೋಡಿದರೆ ಇದು ಬೇರಿನ ಗೆಡ್ಡೆಯಲ್ಲ. ಕಾಂಡವೇ ಉಬ್ಬಿ ನೀರನ್ನೂ ಆಹಾರವನ್ನೂ ಕೂಡಿಟ್ಟುಕೊಂಡ ಕಣಜ. ಪ್ರತಿವರ್ಷವೂ ಹಳೆಯ ಗೆಡ್ಡೆಯ ಬುಡದಿಂದ ಹೊಸ ಮೊಳಕೆಯೊಡೆದು, ಎಲೆ ಬಿಟ್ಟು, ಮಳೆಗಾಲ ಮುಗಿಯುವಷ್ಟರಲ್ಲಿ ತನ್ನದೇ ಗೆಡ್ಡೆಯನ್ನು ಕಟ್ಟಿಕೊಳ್ಳುತ್ತದೆ. ಆಮೇಲೆ ಸ್ಟ್ರೆಪ್ಟೊಪೆಟಾಲದ ಎಲೆಗಳು ಹಳದಿಯಾಗಿ ಉದುರಿ, ಗಿಡವು ನಿದ್ರೆಗೆ ಇಳಿಯುತ್ತದೆ.

ಗಿಡವು ಸಾಯುವುದು ಹೆಚ್ಚಾಗಿ ಈ ಕಾಲದಲ್ಲಿಯೇ. ಎಲೆಯಿಲ್ಲದ ಕುಂಡವನ್ನು ಕಂಡು ಬೆಳೆಗಾರನು ಕಳವಳಗೊಳ್ಳುತ್ತಾನೆ. ಒಣಗಿಹೋಯಿತೆಂದು ದಿನವೂ ಒಂದು ಚೆಂಬು ನೀರು ಹೊಯ್ಯುತ್ತಾನೆ. ನಿದ್ರೆಯಲ್ಲಿರುವ ಬೇರು ಆ ನೀರನ್ನು ಕುಡಿಯಲಾರದು. ತೇವವು ನಿಂತು ಬೇರು ಕೊಳೆತು, ಕೊಳೆಯು ಗೆಡ್ಡೆಗೆ ಹತ್ತಿ, ಯುಗಾದಿಯ ಹೊತ್ತಿಗೆ ಕುಂಡದಲ್ಲಿ ದುರ್ವಾಸನೆಯ ಲೋಳೆಯೊಂದೇ ಉಳಿಯುತ್ತದೆ. ಸುವರ್ಣಗೆಡ್ಡೆಯನ್ನು ಬೆಳೆದವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಮೂಲೆಯಲ್ಲಿ ಒಣಗಿ ಬಿದ್ದ ಸುವರ್ಣಗೆಡ್ಡೆಯು ಕಾಲ ಬಂದಾಗ ತಾನಾಗಿ ಮೊಳೆಯುವುದನ್ನು ಅವರು ಕಂಡಿರುತ್ತಾರೆ. ಆರ್ಕಿಡ್ಡಿನ ವಿಷಯದಲ್ಲಿಯೂ ಅದೇ ಧೈರ್ಯವು ಬೇಕು.

ಮಣ್ಣು ಮತ್ತು ಕುಂಡ

ಎಂಟರಿಂದ ಹತ್ತು ಅಂಗುಲ ಬಾಯಿಯ, ತಳದಲ್ಲಿ ದೊಡ್ಡ ತೂತುಳ್ಳ ಮಣ್ಣಿನ ಕುಂಡವು ಉತ್ತಮ. ತಳದಲ್ಲಿ ಎರಡಂಗುಲ ಇಟ್ಟಿಗೆ ಚೂರು ಹಾಕಬೇಕು. ಅದರ ಮೇಲೆ ತೊಳೆದ ದಪ್ಪ ಮರಳು ಎರಡು ಪಾಲು, ಜರಡಿ ಹಿಡಿದ ಕೆಮ್ಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ಎಲೆಗೊಬ್ಬರ ಒಂದು ಪಾಲು, ಹಿಡಿಯಷ್ಟು ಇದ್ದಲಿನ ಚೂರು ಇವುಗಳ ಮಿಶ್ರಣವನ್ನು ತುಂಬತಕ್ಕದ್ದು. ಪೀಟರ್ಸಿಯೈಗೆ ಮರಳನ್ನು ಇನ್ನೊಂದು ಪಾಲು ಹೆಚ್ಚಿಸಬಹುದು. ಹೊಯ್ದ ನೀರು ಕೂಡಲೇ ತಳದಿಂದ ಹೊರಬೀಳುವುದೇ ಮಿಶ್ರಣವು ಸರಿಯಾಗಿದೆಯೆಂಬುದರ ಗುರುತು. ಕೆರೆಗೋಡು ಬೆಳೆಗೆ ಎಷ್ಟೇ ಒಳ್ಳೆಯದಾದರೂ ಇಲ್ಲಿ ಕೂಡದು. ಅದು ಗಟ್ಟಿಯಾಗಿ ಬೇರಿನ ಉಸಿರು ಕಟ್ಟುತ್ತದೆ.

ನೆಡುವ ಕಾಲ

ಏಪ್ರಿಲ್ ಮೇ ತಿಂಗಳುಗಳಲ್ಲಿ, ಮೊಳಕೆಯು ತಲೆಯೆತ್ತುವ ಮುನ್ನ, ನೆಡುವುದು ಲೇಸು. ಸ್ಟ್ರೆಪ್ಟೊಪೆಟಾಲ ಮತ್ತು ಪೀಟರ್ಸಿಯೈ ಗೆಡ್ಡೆಗಳ ಬುಡವಷ್ಟೇ ಮಣ್ಣಿನಲ್ಲಿದ್ದು, ಹೆಚ್ಚಿನ ಭಾಗವು ಮೇಲಿರಬೇಕು. ಸ್ಪೆಸಿಯೋಸದ ಗೆಡ್ಡೆಗಳನ್ನು ತೆಳುವಾಗಿ ಮುಚ್ಚಬೇಕು. ಒಂದೇ ಗೆಡ್ಡೆಯನ್ನು ಬಿಡಿಸಿ ನೆಟ್ಟರೆ ಅದು ಚೇತರಿಸಿಕೊಳ್ಳಲು ವರ್ಷಗಳು ಹಿಡಿದಾವು. ಎರಡು ಮೂರು ಗೆಡ್ಡೆಗಳ ತುಂಡು ಇರಲೇಬೇಕು.

ದಕ್ಷಿಣ ಗೋಳಾರ್ಧದಲ್ಲಿರುವ ಈ ಗಿಡಗಳ ನಾಡಿನಲ್ಲಿ ಮಳೆಗಾಲವು ಹೆಚ್ಚಾಗಿ ಅಕ್ಟೋಬರಿನಿಂದ ಮಾರ್ಚಿಯವರೆಗೆ. ಆದುದರಿಂದ ಅಲ್ಲಿಂದ ನೇರವಾಗಿ ಬಂದ ಗಿಡಕ್ಕೆ ಇಲ್ಲಿನ ಕಾಲವು ತಲೆಕೆಳಗಾಗಿರುತ್ತದೆ. ಅದು ಇಲ್ಲಿನ ಚಳಿಗಾಲದಲ್ಲಿ ಮೊಳೆತರೆ ಗಾಬರಿಯಾಗದೆ, ಬೆಚ್ಚನೆಯ ಸ್ಥಳದಲ್ಲಿಟ್ಟು, ಮಿತವಾಗಿ ನೀರು ಕೊಟ್ಟು ಸಾಕಬೇಕು. ಒಂದೆರಡು ವರ್ಷಗಳಲ್ಲಿ ಅದು ಈ ನಾಡಿನ ಮಳೆಗೆ ಹೊಂದಿಕೊಳ್ಳುತ್ತದೆ. ನೀರು ಕೊಡಲು ಪಂಚಾಂಗಕ್ಕಿಂತ ಮೊಳಕೆಯೇ ಒಳ್ಳೆಯ ಗುರುತು.

ನೀರು ಮತ್ತು ಬೆಳಕು

ಈ ಸೀಮೆಗೆ ಒಗ್ಗಿದ ಗಿಡದ ನೀರಿನ ಕ್ರಮವು ಹೀಗಿರಬೇಕು. ಭರಣಿ, ಕೃತ್ತಿಕೆ ಮಳೆಗಳ ಹೊತ್ತಿಗೆ ಮೊಳಕೆ ಕಾಣಿಸಿಕೊಳ್ಳುತ್ತದೆ. ಆಗ ವಾರಕ್ಕೊಮ್ಮೆ ಕುಂಡದ ಅಂಚಿನಲ್ಲಿ ಸ್ವಲ್ಪ ನೀರು ಸಾಕು. ಮೊಳಕೆಯ ಸುರುಳಿಯೊಳಗೆ ನೀರು ನಿಂತರೆ ಅದು ಒಂದೇ ರಾತ್ರಿಯಲ್ಲಿ ಕೊಳೆತುಹೋಗಬಹುದು. ಎಲೆಯು ಗೇಣುದ್ದವಾದ ಮೇಲೆ, ಆರಿದ್ರೆಯಿಂದ ಹಸ್ತದವರೆಗೆ, ಮೇಲ್ಮಣ್ಣು ಒಣಗಿದಾಗಲೆಲ್ಲ ಬೆಳಗಿನ ಹೊತ್ತು ಧಾರಾಳವಾಗಿ ಕೊಡಬಹುದು. ಈ ಭಾಗದಲ್ಲಿ ಜೋರು ಮಳೆಯು ಹೆಚ್ಚಾಗಿ ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಬೀಳುವುದರಿಂದ, ಗೆಡ್ಡೆಯು ಬಲಿಯುವ ಚಿತ್ತೆ ಸ್ವಾತಿ ಮಳೆಗಳ ಕಾಲಕ್ಕೆ ಕುಂಡಗಳನ್ನು ಜಗಲಿಗೆ ಎತ್ತಿಡುವುದು ಕ್ಷೇಮ. ನವೆಂಬರಿನಲ್ಲಿ ನೀರನ್ನು ಇಳಿಸಿ, ಡಿಸೆಂಬರಿನಿಂದ ಮಾರ್ಚಿಯವರೆಗೆ ಸ್ಟ್ರೆಪ್ಟೊಪೆಟಾಲಕ್ಕೆ ಪೂರ್ತಿಯಾಗಿ ನಿಲ್ಲಿಸತಕ್ಕದ್ದು. ಎಲೆಯನ್ನು ಉಳಿಸಿಕೊಳ್ಳುವ ಉಳಿದೆರಡಕ್ಕೆ, ಗೆಡ್ಡೆಯು ಸುಕ್ಕುಗಟ್ಟಿದರೆ ಮಾತ್ರ, ತಿಂಗಳಿಗೊಮ್ಮೆ ತುಸು ನೀರು ಕೊಡಬಹುದು. ಕುಂಡದ ಹೊರಮೈಯಲ್ಲಿ ಬಿಳಿಯ ಉಪ್ಪು ಕಟ್ಟಿದರೆ ಕೊಳವೆಬಾವಿಯ ನೀರು ಗಡಸೆಂದು ತಿಳಿದು, ಮಳೆನೀರನ್ನು ಹಿಡಿದಿಟ್ಟು ಬಳಸುವುದು ಒಳ್ಳೆಯದು.

ಬೆಳಗಿನ ಬಿಸಿಲು ಮೂರು ನಾಲ್ಕು ತಾಸು ಬೀಳುವ ಸ್ಥಳವು ಯೋಗ್ಯ. ಸ್ಟ್ರೆಪ್ಟೊಪೆಟಾಲಕ್ಕೆ ಹೊಂಗೆಮರದ ಜಾಳು ನೆರಳಾಗಲಿ, ಅರ್ಧ ಬೆಳಕನ್ನು ತಡೆಯುವ ನೆರಳುಬಲೆಯಾಗಲಿ ಸಾಕು. ಪೀಟರ್ಸಿಯೈಗೆ ಪೂರ್ಣ ಬಿಸಿಲೂ ಸಹ್ಯ. ಕತ್ತಲೆಯ ಮೂಲೆಯಲ್ಲಿಟ್ಟ ಗಿಡವು ಎಲೆಯನ್ನು ಸೊಂಪಾಗಿ ಬಿಟ್ಟರೂ ಹೂವನ್ನು ಕೊಡುವುದಿಲ್ಲ.

ಗೊಬ್ಬರ

ಎಲೆ ಬೆಳೆಯುವ ಕಾಲದಲ್ಲಿ ಮಾತ್ರ, ಹದಿನೈದು ದಿನಗಳಿಗೊಮ್ಮೆ, ಇತರ ಹೂಗಿಡಗಳಿಗೆ ಕೊಡುವುದರ ಕಾಲುಪಾಲು ಬಲದ ಗೊಬ್ಬರದ ನೀರು ಸಾಕು. ಹಸಿ ಸಗಣಿಯನ್ನು ಸೋಕಿಸಲಾಗದು. ನಿದ್ರೆಯ ಕಾಲದಲ್ಲಿ ಯಾವ ಗೊಬ್ಬರವೂ ಬೇಡ.

ಉಪದ್ರವಗಳು

ಆಫ್ರಿಕದಿಂದ ಬಂದುದೆಲ್ಲವೂ ಹಿತವಲ್ಲ. 1847ರಲ್ಲಿ ಕಲ್ಕತ್ತೆಗೆ ತರಲ್ಪಟ್ಟ ಆಫ್ರಿಕದ ದೈತ್ಯ ಬಸವನಹುಳುವು ಈಗ ಕರ್ನಾಟಕದ ತೋಟಗಳನ್ನೂ ಪೀಡಿಸುತ್ತಿದೆ. ಎಳೆಯ ಮೊಳಕೆಯೆಂದರೆ ಅದಕ್ಕೆ ಮೃಷ್ಟಾನ್ನ. ಮಳೆಗಾಲದ ರಾತ್ರಿ ದೀಪ ಹಿಡಿದು ಹುಡುಕಿ, ಕೈಗೆ ಚೀಲ ತೊಟ್ಟು ಆರಿಸಿ, ಉಪ್ಪುನೀರಿಗೆ ಹಾಕಿ ಕೊಲ್ಲುವುದೇ ಖಂಡಿತವಾದ ಉಪಾಯ. ಉಪ್ಪನ್ನು ಕುಂಡಕ್ಕೆ ಎರಚಿದರೆ ಹುಳುವಿನೊಡನೆ ಗಿಡವೂ ಸಾಯುವುದು. ಹಿಟ್ಟುತಿಗಣೆ ಮತ್ತು ಸಸ್ಯಹೇನುಗಳು ಹೂವಿನ ದಂಟಿಗೆ ಮುತ್ತಿದರೆ ಒದ್ದೆ ಬಟ್ಟೆಯಿಂದ ಒರಸಿ, ಸಾಬೂನು ಬೆರೆಸಿದ ಬೇವಿನೆಣ್ಣೆಯ ನೀರನ್ನು ಸಂಜೆಯಲ್ಲಿ ಸಿಂಪಡಿಸಬೇಕು. ಗೆಡ್ಡೆಯು ಕೊಳೆತರೆ ಕೊಳೆತ ಭಾಗವನ್ನು ಶುದ್ಧವಾದ ಚಾಕುವಿನಿಂದ ಗಟ್ಟಿ ತಿರುಳು ಕಾಣುವವರೆಗೆ ಕೊಯ್ದು, ಗಾಯಕ್ಕೆ ಇದ್ದಲಿನ ಪುಡಿಯನ್ನು ಒತ್ತಿ, ಒಂದು ವಾರ ನೆರಳಿನಲ್ಲಿ ಒಣಗಿಸಿ, ಹೊಸ ಮರಳಿನಲ್ಲಿ ನೆಡತಕ್ಕದ್ದು.

ಗಿಡವನ್ನು ಎಲ್ಲಿಂದ ಪಡೆಯಬೇಕು

ಇದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಆರ್ಕಿಡ್ಡಿನ ಬೀಜವು ಧೂಳಿನ ಕಣದಷ್ಟು ಸಣ್ಣದು. ರಾಗಿಯ ಕಾಳಿನಲ್ಲಿರುವಂತೆ ಮೊಳಕೆಗೆ ಬುತ್ತಿಯಾಗುವ ಹಿಟ್ಟು ಅದರಲ್ಲಿಲ್ಲ. ಮಣ್ಣಿನಲ್ಲಿರುವ ಒಂದು ಬಗೆಯ ಶಿಲೀಂಧ್ರವು ಒಳಹೊಕ್ಕು ಉಣಿಸಿದರೆ ಮಾತ್ರ ಅದು ಮೊಳೆಯುತ್ತದೆ. ಈ ರಹಸ್ಯವನ್ನು 1899ರಲ್ಲಿ ಫ್ರಾನ್ಸಿನ ನೊಯೆಲ್ ಬರ್ನಾರ್ ಎಂಬ ವಿದ್ವಾಂಸನು ಕಂಡುಹಿಡಿದನು. ಲಕ್ಷಾಂತರ ಬೀಜಗಳು ಉದುರಿದರೂ ಗಿಡವಾಗುವುವು ಬೆರಳೆಣಿಕೆಯವು. ಅವು ಹೂಬಿಡಲು ಹಲವು ವರ್ಷಗಳು ಬೇಕು. ಹೀಗಿರಲು ಕಾಡಿನಿಂದ ಒಂದು ಗೆಡ್ಡೆಯನ್ನು ಕಿತ್ತವನು ಹಲವು ವರ್ಷಗಳ ಸಂಪಾದನೆಯನ್ನು ಒಂದು ಗುದ್ದಲಿಯ ಏಟಿಗೆ ಕಳೆದಂತಾಯಿತು.

ಇದರ ಫಲವು ಆಫ್ರಿಕದಲ್ಲಿ ಕಣ್ಣಿಗೆ ಕಾಣುತ್ತಿದೆ. ಜಾಂಬಿಯದಲ್ಲಿ ನೆಲದ ಆರ್ಕಿಡ್ಡುಗಳ ಗೆಡ್ಡೆಯನ್ನು ಕಡಲೆಕಾಯಿಯೊಡನೆ ಅರೆದು ಬೇಯಿಸಿ ಚಿಕಂಡ ಎಂಬ ತಿನಿಸನ್ನು ಮಾಡುತ್ತಾರೆ. ಹಳ್ಳಿಯ ಊಟವಾಗಿದ್ದ ಅದು ಪಟ್ಟಣದ ಸರಕಾದ ಮೇಲೆ ಅಲ್ಲಿಯ ಗೆಡ್ಡೆಗಳು ಸಾಲದಾಗಿ, ನೆರೆಯ ಟಾಂಜಾನಿಯದ ಹುಲ್ಲುಗಾವಲುಗಳನ್ನು ಅಗೆಯತೊಡಗಿದರು. ಅಲ್ಲಿನ ಕಿಟುಲೊ ಪ್ರಸ್ಥಭೂಮಿಯನ್ನು ಅದರ ಹೂಗಳ ರಕ್ಷಣೆಗಾಗಿಯೇ 2005ರಲ್ಲಿ ರಾಷ್ಟ್ರೀಯ ಉದ್ಯಾನವನ್ನಾಗಿ ಮಾಡಬೇಕಾಯಿತು. ಈ ದೇಶದಲ್ಲಿಯೂ ಗ್ರಂಥಿಗೆ ಅಂಗಡಿಗಳ ಸಾಲಬ್ ಮಿಶ್ರಿಗಾಗಿ ಇಂಥ ಗೆಡ್ಡೆಗಳನ್ನು ಕೀಳುವುದುಂಟು. ಆಫ್ರಿಕದಲ್ಲಿಯೇ ಹೆಚ್ಚಾಗಿರುವ ಸಟೀರಿಯಂ ಎಂಬ ಕುಲದ ಒಂದು ಗುಲಾಬಿ ಹೂವಿನ ಜಾತಿಯು ಬಾಬಾಬುಡನ್ ಗಿರಿಯ ಹುಲ್ಲುಗಾವಲಿನಲ್ಲಿ ಬೆಳೆಯುತ್ತದೆ. ಅದನ್ನು ಅಲ್ಲಿಯೇ ನೋಡಿ ಸಂತೋಷಪಟ್ಟು ಬರಬೇಕು; ಬಯಲಿಗೆ ತಂದರೆ ಅದು ಬದುಕುವುದೂ ಇಲ್ಲ.

1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಎಂಬಾತನು ಸಕ್ಕರೆ ಬೆರೆತ ಅಗರಿನ ಮೇಲೆ, ಶಿಲೀಂಧ್ರದ ನೆರವಿಲ್ಲದೆ, ಆರ್ಕಿಡ್ ಬೀಜಗಳನ್ನು ಮೊಳೆಯಿಸುವ ವಿಧಾನವನ್ನು ತೋರಿಸಿದನು. ಅಂದಿನಿಂದ ಪ್ರಯೋಗಶಾಲೆಯಲ್ಲಿ ಸಸಿಗಳನ್ನು ಎಬ್ಬಿಸುವುದು ಸಾಧ್ಯವಾಗಿದೆ. ಅಂಥ ಸಸಿಗಳನ್ನೂ, ಸಾಕಿದ ಗಿಡದಿಂದ ಬೇರ್ಪಡಿಸಿದ ಗೆಡ್ಡೆಗಳನ್ನೂ ಮಾತ್ರ ಕೊಳ್ಳಬೇಕು. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ಕುರಿತು 1973ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗಳಲ್ಲಿ ಇಡೀ ಆರ್ಕಿಡ್ ಕುಟುಂಬವೇ ಸೇರಿದೆ. ಪರದೇಶದಿಂದ ಗಿಡವನ್ನು ತರಿಸಲು ಆ ಒಪ್ಪಂದದ ಪರವಾನಗಿಯೂ, ಆಮದಿನ ಅನುಮತಿಯೂ, ರೋಗವಿಲ್ಲವೆಂಬ ಸಸ್ಯಾರೋಗ್ಯ ಪತ್ರವೂ ಅವಶ್ಯಕ.

ಲಾಭದ ವಿಚಾರ

ಈ ಗಿಡವನ್ನು ಹಣದ ಬೆಳೆಯೆಂದು ನಂಬಿ ಜಮೀನನ್ನು ತೊಡಗಿಸಲಾಗದು. ವೆನಿಲ್ಲವೂ ಆರ್ಕಿಡ್ ಕುಟುಂಬದ್ದೇ. 2003ರ ಸುಮಾರಿಗೆ ಅದರ ಬೆಲೆಯು ಮುಗಿಲು ಮುಟ್ಟಿ, ಬೇಗನೆಯೇ ಕುಸಿದಾಗ ಮಲೆನಾಡಿನ ಬೆಳೆಗಾರರು ಪಟ್ಟ ಪಾಡು ಮರೆಯತಕ್ಕದ್ದಲ್ಲ. ಮೊದಲು ಎರಡು ಮೂರು ಕುಂಡಗಳನ್ನು ಮಾತ್ರ ಇಟ್ಟು, ಒಂದು ಪೂರ್ಣ ವರ್ಷ ಅವುಗಳ ಮೊಳಕೆಯನ್ನೂ ನಿದ್ರೆಯನ್ನೂ ಗಮನಿಸಿ, ತಿಂಗಳು ತಿಂಗಳಿಗೂ ಬರೆದಿಡಬೇಕು. ಎರಡು ಮೂರು ವರ್ಷಗಳಿಗೊಮ್ಮೆ, ಕುಂಡವು ತುಂಬಿದಾಗ, ಮೊಳಕೆಗೆ ಮುಂಚೆ ಬಿಡಿಸಿ ನೆಟ್ಟರೆ ಗಿಡವು ಎರಡಾಗುತ್ತದೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ನೆರೆಯವರಿಗೆ ಕೊಟ್ಟರೆ, ಅವರು ಕಾಡಿನ ಗೆಡ್ಡೆಗೆ ಕೈಹಾಕುವ ಅಗತ್ಯವೇ ಬಾರದು. ಕೊಡುವಾಗ ಡಿಸೆಂಬರಿನಿಂದ ಮಾರ್ಚಿಯವರೆಗೆ ನೀರು ಹೊಯ್ಯಬಾರದೆಂಬ ಮಾತನ್ನೂ ಗಿಡದೊಡನೆಯೇ ಹೇಳಿಕೊಡತಕ್ಕದ್ದು.